ಕೈಸನ್ನೆ ಮಾಡಿ ಹೇಳಿದರೆ ಕೆಲವು ಮಕ್ಕಳಿಗೆ ಗೊಂದಲ ಆಗೋದು ಯಾಕೆ?

ಡೊಂಬಿವಲಿ ಅಕ್ಕ:
ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ಅರ್ಧಂಬರ್ಧ ಕನ್ನಡ, ಹೊರಗೆ ಕಾಲಿಟ್ಟರೆ ಮರಾಠಿ, ಹಿಂದಿ. ಹೋದ ವಾರ ಕಥೆ ಹೇಳುತ್ತಾ ‘ಅಜ್ಜಿ ಮೊಸರು ಕಡೆದಳು’ ಅಂದೆ. ಮಿಕ್ಸಿ ಬಿಟ್ಟು ಬೇರೇನೂ ನೋಡದ ಮಕ್ಕಳು, ಒಬ್ಬ ಅದನ್ನು ‘ಕಡಿದಳು’ ಅಂದುಕೊಂಡು ‘ಮೊಸರನ್ನ ಯಾಕೆ ಕಚ್ತಾಳೆ?’ ಅಂತ ಕೇಳಿದ. ಎರಡೂ ಮುಷ್ಟಿ ಮುಂದೆ ಹಿಡಿದು, ಕಡಗೋಲಿನ ಹಗ್ಗ ಎಳೆದ ಹಾಗೆ ಒಂದಾದ ಮೇಲೊಂದು ಹಿಂದೆ ಮುಂದೆ ಮಾಡುತ್ತಾ ಅದೇ ಮಾತು ಮತ್ತೆ ಹೇಳಿದೆ. ಸುಮಾರು ಮಕ್ಕಳಿಗೆ ತಟ್ಟನೆ ಹೊಳೆಯಿತು. ಆದರೆ ಒಬ್ಬ ಹುಡುಗಿ, ಮಾತಿನಲ್ಲಿ ಎಲ್ಲರಿಗಿಂತ ಚುರುಕು, ಬೋರ್ಡ್ ಮೇಲೆ ನಾನು ಬರೆದಿದ್ದ ಅಡುಗೆಮನೆ ಚಿತ್ರ ಒಮ್ಮೆ, ನನ್ನ ಕೈ ಒಮ್ಮೆ ನೋಡುತ್ತಾ ಕಥೆಯನ್ನೇ ಬಿಟ್ಟುಬಿಟ್ಟಳು. ಕೈ ಮಾಡಿ ತೋರಿಸಿದರೆ ಎಲ್ಲರಿಗೂ ಸುಲಭ ಆಗಬೇಕಲ್ವಾ?

ಕೊಥ್ರೂಡ್ ಕನ್ನಡಿಗ:
ಇಲ್ಲ ಅಕ್ಕ, ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಪುಣೆಯಲ್ಲಿ ಸೈಕಾಲಜಿ ಓದುವಾಗ ನನಗೆ ತುಂಬಾ ಹಿಡಿಸಿದ ವಿಷಯ ಇದು. ಈ ಕ್ಷಣಕ್ಕೆ ಬೇಕಾದದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ನೆನಪಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಬ್ಯಾಡ್ಲಿ ಮತ್ತು ಹಿಚ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲಿ ಕೊಟ್ಟ ಮಾದರಿಯಲ್ಲಿ ಕೇಳಿದ ಮಾತಿಗೆ ಒಂದು ಜಾಗ, ಕಂಡ ಆಕಾರ ಮತ್ತು ಸ್ಥಾನಕ್ಕೆ ಇನ್ನೊಂದು ಜಾಗ. ಎರಡೂ ಚಿಕ್ಕವು. ಕೈ ಸಾಮಾನ್ಯವಾಗಿ ಮಾತಿಗಿಂತ ಚೂರು ಮೊದಲೇ ಹೊರಡುತ್ತದೆ. ಹಾಗಾಗಿ ‘ಕಡೆದಳು’ ಅನ್ನೋ ಪದ ಕಿವಿಗೆ ಬೀಳುವ ತನಕ ಆ ಮುಷ್ಟಿಯ ಆಕಾರವನ್ನು ಮಗು ಹಿಡಿದಿಟ್ಟುಕೊಂಡಿರಬೇಕು.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವು ಮತ್ತು ಕೌಲ್ಸನ್ ಅನ್ನೋ ಸಂಶೋಧಕರು ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕಂಡದ್ದನ್ನು ನೆನಪಿಡುವ ಶಕ್ತಿ ಜಾಸ್ತಿ ಇದ್ದವರಿಗೆ ಮಾತಿಗೆ ಹೊಂದುವ ಕೈಸನ್ನೆಯಿಂದ ಜಾಸ್ತಿ ಲಾಭ ಆಯಿತು. ಜೊತೆಗೆ ಚುಕ್ಕೆಗಳು ಎಲ್ಲೆಲ್ಲಿವೆ ಅಂತ ನೆನಪಿಡುವ ಹೊರೆ ಕೊಟ್ಟಾಗ ಆ ಲಾಭ ಕುಗ್ಗಿತು. ಅಂದ್ರೆ ಮಾತಿನ ಚುರುಕು ಬೇರೆ, ಕಂಡದ್ದನ್ನು ನೆನಪಿಡುವ ಶಕ್ತಿ ಬೇರೆ. ನಿಮ್ಮ ಬೋರ್ಡ್ ಚಿತ್ರವೂ ಅಂಥದ್ದೇ ಹೊರೆ ಆಗಿರಬಹುದು. ಒಂದು ಸಲ ಅದನ್ನು ಅಳಿಸಿ ನೋಡಿ.

ವಾಸ್ಕೋ ವಾಸಿ:
ನಮ್ಮಮ್ಮ ಗೋವಾಕ್ಕೆ ಬಂದ ಹೊಸದರಲ್ಲಿ ಮೀನು ಮಾರ್ಕೆಟ್ಟಿನಲ್ಲಿ ಕೊಂಕಣಿ ಅಷ್ಟೂ ಅರ್ಥ ಮಾಡಿಕೊಳ್ಳುತ್ತಿದ್ದರು, ಅದೇ ಮೀನು ಮಾರುವ ಹೆಂಗಸು ಫೋನ್ ಮಾಡಿದರೆ, ಕೈ ಕಾಣದೆ, ಒಂದಕ್ಷರ ತಿಳಿಯುತ್ತಿರಲಿಲ್ಲ. ಇನ್ನೊಂದು ಮಾತು, ಕೈ ಆಡಿಸುವವರಿಗೂ ಲಾಭ ಇದೆ. ಗೋಲ್ಡಿನ್-ಮೆಡೊ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು 2001ರಲ್ಲಿ ತೋರಿಸಿದ್ದು ಇದನ್ನೇ. ಲೆಕ್ಕ ವಿವರಿಸುವಾಗ ಕೈ ಆಡಿಸಿದವರಿಗೆ, ಮೊದಲೇ ನೆನಪಿಡಲು ಕೊಟ್ಟಿದ್ದ ಪಟ್ಟಿ ಜಾಸ್ತಿ ನೆನಪಿತ್ತು. ಆ ಹುಡುಗಿಯ ಕೈಯಲ್ಲೇ ಮಾಡಿಸಿ ಅಕ್ಕ. ನೋಡುವುದಕ್ಕಿಂತ ಅದು ಅವಳಿಗೆ ಒಗ್ಗಬಹುದು.

ಡೊಂಬಿವಲಿ ಅಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಬೋರ್ಡ್ ಖಾಲಿ ಬಿಟ್ಟೆ, ಕೈ ಮಾಡಿ ಒಂದು ಉಸಿರು ನಿಂತು ಆಮೇಲೆ ಮುಂದಿನ ಮಾತು ಹೇಳಿದೆ. ಕಥೆ ಕೊನೇ ತನಕ ಕೇಳಿದಳು. ಅವಳ ಕೈಯಲ್ಲಿ ರೊಟ್ಟಿ ತಟ್ಟೋ ಸನ್ನೆ ಮಾಡಿಸಿದಾಗ ಮಾತ್ರ ‘ಇದು ಚಪ್ಪಾಳೆ’ ಅಂದಳು. ಅದಕ್ಕೆ ಮುಂದಿನ ವಾರ ಜೋಳದ ಹಿಟ್ಟನ್ನೇ ತಗೊಂಡು ಹೋಗ್ತೀನಿ.