ಅಗೆದು ತಂದ ಕಾಡು ಹಾಥಾರ್ನ್ ಚಿಗುರಿದ ಮೇಲೆ ಒಣಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಡರ್ವೆಂಟ್ ದಂಡೆ, ಜೂನ್ 9

ನನ್ನ ಹಾಥಾರ್ನ್ ಎಂಬ ಮುಳ್ಳುಮರದ ಎಲೆಗಳು ನಾಲ್ಕು ದಿನಗಳಿಂದ ಜೋತು ಬೀಳುತ್ತಿವೆ, ತುದಿಯ ಚಿಗುರುಗಳು ಆಗಲೇ ಕಂದಿ ಒಣಗಿವೆ. ಇಂಗ್ಲೆಂಡಿನ ಡರ್ಬಿಶೈರ್‌ನ ಸುಣ್ಣಕಲ್ಲಿನ ಗುಡ್ಡದ ಮೇಲಿರುವ ಹುಲ್ಲುಗಾವಲಿನಿಂದ, ಜಮೀನಿನ ಒಡೆಯರ ಲಿಖಿತ ಅನುಮತಿ ಪಡೆದು, ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲಿ ಕುಬ್ಜ ಮರವಾಗಿ ಬೆಳೆಸಲೆಂದು ಈ ವಸಂತದಲ್ಲಿ ಅಗೆದು ತಂದ ಮರ ಇದು. ಕುರಿಗಳು ವರ್ಷಾನುಗಟ್ಟಲೆ ಮೇದು ಮೇದು ಅದನ್ನು ಎರಡಡಿಗಿಂತ ಮೇಲೇಳಲು ಬಿಟ್ಟಿಲ್ಲ. ಬುಡ ಮಾತ್ರ ನನ್ನ ಅಂಗೈಯಷ್ಟು ಅಗಲವಾಗಿದ್ದು, ತೊಗಟೆ ಹಳೆಯ ಹುಣಸೆ ಮರದ ತೊಗಟೆಯಂತೆ ಬಿರಿದಿದೆ. ಮೊದಲ ಕೆಲವು ವಾರ ಮೈತುಂಬ ಚಿಗುರಿದ್ದರಿಂದ ಮರ ಹಿಡಿಯಿತು ಎಂದೇ ಸಂತೋಷಪಟ್ಟಿದ್ದೆ. ಮಣ್ಣು, ಕುಂಡ ಎರಡೂ ಒಳ್ಳೆಯವೇ. ದಿನವೂ ನೀರು ಕೊಡುತ್ತಿದ್ದೇನೆ, ಬೆಳಗಿನ ಬಿಸಿಲೂ ಬೀಳುತ್ತದೆ. ಇಷ್ಟು ವಯಸ್ಸಾದ ಮರವೊಂದು ನನ್ನ ಕೈಯಲ್ಲಿ ಸಾಯುತ್ತಿದೆ ಎಂಬ ಯೋಚನೆಯಿಂದ ನಿದ್ದೆ ಬರುತ್ತಿಲ್ಲ. ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಪೆನ್ನೈನ್ ಮುಳ್ಳು, ಜೂನ್ 9

ಇದು ಫೈರ್ ಬ್ಲೈಟ್. ಸೇಬು, ಪೇರ್, ಹಾಥಾರ್ನ್ ಎಲ್ಲವೂ ಗುಲಾಬಿಯ ಕುಟುಂಬಕ್ಕೆ ಸೇರಿದವು. ಎರ್ವಿನಿಯಾ ಅಮಿಲೋವೋರಾ ಎಂಬ ಬ್ಯಾಕ್ಟೀರಿಯಾ ಇವುಗಳನ್ನೇ ಹಿಡಿಯುತ್ತದೆ. ಈ ದೇಶದಲ್ಲಿ ಅದು ಮೊದಲು ಕಂಡದ್ದು 1957ರಲ್ಲಿ, ಕೆಂಟ್‌ನ ಪೇರ್ ತೋಟದಲ್ಲಿ. ತುದಿಯ ಚಿಗುರು ಬೆಂಕಿ ತಗುಲಿದಂತೆ ಕಪ್ಪಾಗಿ ಕುರುಬನ ಕೋಲಿನಂತೆ ಬಾಗುತ್ತದೆ. ತಡ ಮಾಡದೆ, ರೋಗ ಕಂಡ ಜಾಗಕ್ಕಿಂತ ಒಂದಡಿ ಕೆಳಗೆ ಕತ್ತರಿಸಿ, ಪ್ರತಿ ಸಲವೂ ಕತ್ತರಿಯನ್ನು ಶುದ್ಧಗೊಳಿಸಿ, ಕತ್ತರಿಸಿದ್ದನ್ನು ಸುಟ್ಟುಬಿಡಿ.

ಥೇಮ್ಸ್ ತೀರ, ಜೂನ್ 10

ಎರಡಡಿಯ ಮರದಲ್ಲಿ ಒಂದಡಿ ಕತ್ತರಿಸಿದರೆ ಉಳಿಯುವುದೇನು? ನನ್ನ ಅನುಭವದಲ್ಲಿ ಇಂಥ ತೊಂದರೆಗೆ ನಲ್ಲಿಯ ಗಡುಸು ನೀರೇ ಕಾರಣ. ನಮ್ಮ ರೆಡಿಂಗ್ ಕಡೆ ಕೆಟಲಿನ ಒಳಗೆ ವಾರಕ್ಕೊಮ್ಮೆ ಸುಣ್ಣದ ಪದರ ಕಟ್ಟುತ್ತದೆ. ನಾನು ಮಳೆನೀರಿಗೆ ಬದಲಾದ ಮೇಲೆ ನನ್ನ ಮರಗಳ ಬಣ್ಣವೇ ಬೇರೆಯಾಯಿತು. ಒಂದು ಪೀಪಾಯಿ ಇಟ್ಟು ಮಳೆನೀರು ಹಿಡಿಯಿರಿ.

ಡರ್ವೆಂಟ್ ದಂಡೆ, ಜೂನ್ 10

ನಾನಿರುವುದು ಶೆಫೀಲ್ಡ್‌ನಲ್ಲಿ, ಇಲ್ಲಿಯ ನಲ್ಲಿ ನೀರು ಮೆದು. ಚಿಗುರುಗಳು ಬಾಗಿರುವುದು ನಿಜ, ಆದರೆ ಕಪ್ಪಾಗಿಲ್ಲ, ಕಂದು ಬಣ್ಣದಲ್ಲಿವೆ. ಕತ್ತರಿಸಬೇಕೋ ಬೇಡವೋ ತಿಳಿಯುತ್ತಿಲ್ಲ.

ಪೆನ್ನೈನ್ ಮುಳ್ಳು, ಜೂನ್ 10

ಕಂದು ಬಣ್ಣ ಕಪ್ಪಿನ ಮೊದಲ ಹಂತ. ನಾಲ್ಕು ವರ್ಷಗಳ ಹಿಂದೆ ನಾನು ಹೀಗೆಯೇ ಅನುಮಾನಿಸುತ್ತ ಕೂತು ಎರಡು ಮರಗಳನ್ನು ಕಳೆದುಕೊಂಡೆ. ಕತ್ತರಿಸಿ.

ಥೇಮ್ಸ್ ತೀರ, ಜೂನ್ 10

ನೀರು ಮೆದುವಾಗಿದ್ದರೂ ಕ್ಲೋರಿನ್ ಇದ್ದೇ ಇರುತ್ತದೆ. ಮಳೆನೀರಿಗೆ ಸಮವಾದದ್ದು ಬೇರೊಂದಿಲ್ಲ.

ಹಳೆಯ ಪೆಟ್ಟಿಗೆ, ಜೂನ್ 11

ದಯವಿಟ್ಟು ಏನನ್ನೂ ಕತ್ತರಿಸಬೇಡಿ. ಸುಣ್ಣಕಲ್ಲಿನ ಬಂಡೆಯ ಸಂದಿಯಲ್ಲಿ ಬೆಳೆದ ಮರಕ್ಕೆ ನೀರಿನ ಸುಣ್ಣದಿಂದ ಕೇಡಾಯಿತು ಎಂಬುದನ್ನು ನಾನು ಒಪ್ಪಲಾರೆ. ಈ ಜಾತಿ ಸೀಮೆಸುಣ್ಣದ ಗುಡ್ಡಗಳ ಮೇಲೂ ಸೊಗಸಾಗಿ ಬೆಳೆಯುತ್ತದೆ. ಫೈರ್ ಬ್ಲೈಟ್ ಸಾಮಾನ್ಯವಾಗಿ ಹೂವಿನ ಮೂಲಕ ಅಥವಾ ಎಳೆ ಚಿಗುರಿನ ಗಾಯದ ಮೂಲಕ ಒಳಹೊಕ್ಕು ಒಂದು ಕೊಂಬೆಯಿಂದ ಆರಂಭವಾಗುತ್ತದೆ, ತೊಗಟೆಯ ಮೇಲೆ ಅಂಟು ಸ್ರಾವ ಕಾಣುತ್ತದೆ. ಇಲ್ಲಿ ಇಡೀ ಮರ ಒಂದೇ ವಾರದಲ್ಲಿ ಜೋತು ಬಿದ್ದಿದೆ. ಹಾಗಾಗಿ ನನ್ನ ಗಮನವೆಲ್ಲ ಬೇರಿನ ಮೇಲಿದೆ, ಮತ್ತು ಬೇರಿನ ಬಗ್ಗೆ ನೀವು ಒಂದು ಮಾತನ್ನೂ ಬರೆದಿಲ್ಲ. ಅಗೆದದ್ದು ಯಾವ ತಿಂಗಳು? ಆಗ ಮೊಗ್ಗು ಒಡೆದಿತ್ತೇ? ಬೇರಿನಲ್ಲಿದ್ದ ಊರ ಮಣ್ಣನ್ನು ಉಳಿಸಿದಿರೋ ತೊಳೆದಿರೋ? "ಒಳ್ಳೆಯ ಕುಂಡ" ಎಂದರೆ ಎಷ್ಟು ಆಳ? ಮರವನ್ನು ಕುಂಡಕ್ಕೆ ತಂತಿಯಿಂದ ಬಿಗಿದಿದ್ದೀರಾ? ಗೊಬ್ಬರ ಹಾಕಿದ್ದೀರಾ?

ಡರ್ವೆಂಟ್ ದಂಡೆ, ಜೂನ್ 11

ಇವೆಲ್ಲ ಮುಖ್ಯವೆಂದು ತಿಳಿದಿರಲಿಲ್ಲ, ಕ್ಷಮಿಸಿ. ಅಗೆದದ್ದು ಏಪ್ರಿಲ್ ಕೊನೆಯ ವಾರ. ಮೊಗ್ಗು ಒಡೆದು ಸಣ್ಣ ಎಲೆಗಳು ಬಂದಿದ್ದವು. ಫೆಬ್ರವರಿಯಲ್ಲಿ ನನಗೆ ರಜೆ ಸಿಕ್ಕಿರಲಿಲ್ಲ. ದಪ್ಪ ತಾಯಿಬೇರನ್ನು ಗರಗಸದಿಂದ ಕೊಯ್ದು, ಕಳೆಯ ಬೇರುಗಳು ಉಳಿಯಬಾರದೆಂದು ಮಣ್ಣನ್ನೆಲ್ಲ ಪೈಪಿನ ನೀರಿನಲ್ಲಿ ತೊಳೆದೆ. ಕೆನೆಬಣ್ಣದ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇರುವ ಅಂಡಾಕಾರದ ಬೋನ್ಸಾಯ್ ಕುಂಡವನ್ನು ಈ ಮರಕ್ಕಾಗಿಯೇ ಮೊದಲೇ ಕೊಂಡಿದ್ದೆ. ಉದ್ದ 40 ಸೆಂಟಿಮೀಟರ್, ಒಳಗಿನ ಆಳ 5 ಸೆಂಟಿಮೀಟರ್. ಅಂಗಡಿಯ ಕಾಂಪೋಸ್ಟ್‌ಗೆ ಸ್ವಲ್ಪ ಮರಳು ಬೆರೆಸಿ ತುಂಬಿದೆ. ತಂತಿ ಕಟ್ಟಿಲ್ಲ, ಮರ ತಾನಾಗಿ ನಿಲ್ಲುತ್ತದೆ. ಶಕ್ತಿ ಬರಲೆಂದು ಎರಡು ಸಲ ದ್ರವಗೊಬ್ಬರ ಕೊಟ್ಟಿದ್ದೇನೆ.

ಹಳೆಯ ಪೆಟ್ಟಿಗೆ, ಜೂನ್ 11

ಈಗ ಚಿತ್ರ ಸ್ಪಷ್ಟವಾಯಿತು. ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ, ನಾನು ಉತ್ತರ ವೇಲ್ಸ್‌ಗೆ ಬಂದ ಮೊದಲ ವರ್ಷಗಳಲ್ಲಿ ಇದರಲ್ಲಿ ಅರ್ಧದಷ್ಟು ತಪ್ಪುಗಳನ್ನು ನಾನೂ ಮಾಡಿದ್ದೇನೆ.

ಅಗೆದ ಹಾಥಾರ್ನ್ ಚಿಗುರಿತು ಎಂದಮಾತ್ರಕ್ಕೆ ಅದು ಬೇರು ಬಿಟ್ಟಿದೆ ಎಂದು ತಿಳಿಯಬಾರದು. ಆ ಎಲೆಗಳೆಲ್ಲ ಹಿಂದಿನ ವರ್ಷ ಕಾಂಡದಲ್ಲಿ ಕೂಡಿಟ್ಟ ಬುತ್ತಿಯಿಂದ ಹುಟ್ಟಿದವು. ಮೇ ಕಳೆದು ಬಿಸಿಲು ಏರಿದಾಗ ಎಲೆಗಳು ಬಿಡುವಷ್ಟು ನೀರನ್ನು ಬೇರು ಎಳೆದು ಕೊಡಬೇಕು. ಬೇರೇ ಇಲ್ಲದಿದ್ದರೆ ಜೂನ್‌ನಲ್ಲಿ ಮರ ಹೀಗೆ ಒಮ್ಮೆಲೇ ಕುಸಿಯುತ್ತದೆ. ಮೊಗ್ಗು ಉಬ್ಬುವ ಮೊದಲು, ಫೆಬ್ರವರಿಯಿಂದ ಮಾರ್ಚ್ ಒಳಗೆ ಅಗೆದಿದ್ದರೆ ಹೊಸ ಎಳೆಬೇರಿಗೆ ಒಂದಿಷ್ಟು ಕಾಲ ಸಿಗುತ್ತಿತ್ತು. ಊರ ಮಣ್ಣಿನ ಹಿಡಿಯೊಂದಿಗೇ ತಂದಿದ್ದರೆ ಇದ್ದ ಎಳೆಬೇರುಗಳೂ, ಅವಕ್ಕೆ ಅಂಟಿಕೊಂಡ ಉಪಕಾರಿ ಶಿಲೀಂಧ್ರಗಳೂ ಉಳಿಯುತ್ತಿದ್ದವು.

ಕುಂಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹಾಗೆಯೇ. ಎಷ್ಟೇ ರಂಧ್ರಗಳಿದ್ದರೂ ಕುಂಡದ ತಳದಲ್ಲಿ ಕೆಲವು ಸೆಂಟಿಮೀಟರ್ ಎತ್ತರದ ಪದರವೊಂದು ನೀರನ್ನು ಬಿಗಿದಿಟ್ಟುಕೊಳ್ಳುತ್ತದೆ, ಆ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರವೇ ಹೊರತು ಕುಂಡದ ಆಳವಲ್ಲ. 20 ಸೆಂಟಿಮೀಟರ್ ಆಳದ ಪೆಟ್ಟಿಗೆಯಲ್ಲಿ ಅದು ತಳದ ಮಾತು; 5 ಸೆಂಟಿಮೀಟರ್ ಆಳದ ಕುಂಡದಲ್ಲಿ, ಅದರಲ್ಲೂ ನುಣುಪಾದ ಕಾಂಪೋಸ್ಟ್ ತುಂಬಿದಾಗ, ಹೆಚ್ಚುಕಡಿಮೆ ಇಡೀ ಕುಂಡವೇ ಕೆಸರು. ಕೊಯ್ದ ಬೇರಿನ ಬಾಯಿ ಉಸಿರಾಡಲಾಗದೆ ಕೊಳೆಯುತ್ತದೆ. ಅದರ ಮೇಲೆ ಗೊಬ್ಬರ ಹಾಕುವುದು ಗಾಯದ ಮೇಲೆ ಬರೆ ಎಳೆದಂತೆ.

ಈಗ ಎರಡು ಪರೀಕ್ಷೆ ಮಾಡಿ. ಕಾಂಡವನ್ನು ಎರಡು ಬೆರಳಿನಿಂದ ಮೆಲ್ಲಗೆ ದೂಡಿ ನೋಡಿ, ಬುಡ ಅಲುಗಾಡುತ್ತದೆಯೇ? ತುದಿಯಿಂದ ಬುಡದವರೆಗೆ ಅಲ್ಲಲ್ಲಿ ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆಯಿರಿ, ಒಳಗೆ ಹಸಿರಿದೆಯೇ?

ಪೆನ್ನೈನ್ ಮುಳ್ಳು, ಜೂನ್ 11

ಅನುಮತಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಓದುವ ಹೊಸಬರಿಗೆ ತಪ್ಪು ತಿಳಿವಳಿಕೆ ಆಗಬಾರದು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಬೇಲಿಸಾಲಾದರೆ ಒಡೆಯರ ಒಪ್ಪಿಗೆಯೂ ಸಾಲದು. 1997ರ ಬೇಲಿಸಾಲು ನಿಯಮಗಳಂತೆ ಸ್ಥಳೀಯ ಯೋಜನಾ ಪ್ರಾಧಿಕಾರಕ್ಕೆ ಮೊದಲೇ ತಿಳಿಸಬೇಕಾಗಬಹುದು. ಏಪ್ರಿಲ್‌ನಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲ ಎಂಬುದನ್ನೂ ಮರೆಯಬಾರದು.

ಡರ್ವೆಂಟ್ ದಂಡೆ, ಜೂನ್ 12

ಇದು ಬೇಲಿಯ ಮರವಲ್ಲ, ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದ ಪೊದೆ. ಗೂಡು ಇರಲಿಲ್ಲ, ಚೆನ್ನಾಗಿ ನೋಡಿಯೇ ಅಗೆದೆ. ಪರೀಕ್ಷೆ ಮಾಡಿದೆ. ಬುಡ ಎರಡೂ ಕಡೆಗೆ ಅಲುಗಾಡುತ್ತದೆ, ಮಣ್ಣಿನ ಮೇಲೆ ಸುತ್ತ ಬಿರುಕಿನ ಉಂಗುರ ಮೂಡಿದೆ. ಎಡಗಡೆಯ ಕೊಂಬೆ ಪೂರ್ತಿ ಕಂದು. ಬಲಗಡೆಯ ಕೊಂಬೆಯ ಅರ್ಧದಿಂದ ಕೆಳಗೆ, ಕಾಂಡದಲ್ಲಿಯೂ, ಹಸಿರಿದೆ.

ಹಳೆಯ ಪೆಟ್ಟಿಗೆ, ಜೂನ್ 12

ಹಸಿರಿದ್ದರೆ ಆಸೆ ಇದೆ. ಹಳೆಯ ಕಾಂಡದಿಂದಲೂ ಹೊಸ ಮೊಗ್ಗು ತಳ್ಳುವ ಶಕ್ತಿ ಈ ಜಾತಿಗಿದೆ; ಬೇಲಿಗೆಂದು ಇದನ್ನೇ ನೆಟ್ಟು, ತಲೆಮಾರುಗಳಿಂದ ಬುಡಕ್ಕೆ ಕಡಿದು ಬಾಗಿಸಿ ಹೆಣೆಯುತ್ತ ಬಂದಿರುವುದೂ ಆ ಗುಣಕ್ಕಾಗಿಯೇ. ಆದರೆ ಅಲುಗಾಡುವ ಮರ ಬೇರು ಬಿಡುವುದಿಲ್ಲ, ಏಕೆಂದರೆ ಕೂದಲಿನಷ್ಟು ತೆಳ್ಳಗೆ ಹುಟ್ಟಿದ ಬೇರನ್ನು ಪ್ರತಿ ಗಾಳಿಯೂ ಹರಿದುಹಾಕುತ್ತದೆ.

ಇಂದು ಸಂಜೆಯೇ ಒಂದು ಮರದ ಪೆಟ್ಟಿಗೆ ಹೊಂದಿಸಿ. ಆಳ 20 ಸೆಂಟಿಮೀಟರ್ ಇರಲಿ, ತಳಕ್ಕೆ ಹಲಗೆಯ ಬದಲು ಜಾಲರಿ ಹೊಡೆಯಿರಿ. ತುಂಬಲು ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು ಸಿಕ್ಕರೆ ಅದು, ಇಲ್ಲವಾದರೆ ಸಾಕುಬೆಕ್ಕಿನ ಮಲದ ತಟ್ಟೆಗೆ ಕ್ಯಾಟ್ ಲಿಟರ್ ಎಂದು ಮಾರುವ ಸುಟ್ಟ ಡಯಾಟಮ್ ಮಣ್ಣು. ಎರಡನ್ನೂ ಜರಡಿ ಹಿಡಿದು ಪುಡಿಯನ್ನು ತೆಗೆದುಬಿಡಿ. ಬೇರನ್ನು ಮತ್ತೆ ಬಿಡಿಸಬೇಡಿ, ತೊಳೆಯಬೇಡಿ. ಕುಂಡದಿಂದ ಎತ್ತುವಾಗ ತಾನಾಗಿ ಉದುರುವ ಕೆಸರು ಉದುರಲಿ, ಉಳಿದದ್ದರ ಸಮೇತ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ತುಂಬಿ, ಬುಡವನ್ನು ಪೆಟ್ಟಿಗೆಯ ನಾಲ್ಕೂ ಕಡೆಗೆ ತಂತಿಯಿಂದ, ಕೆಳಗೆ ರಬ್ಬರ್ ತುಂಡಿಟ್ಟು ಬಿಗಿಯಿರಿ. ಕಾಂಡ ಹಿಡಿದು ಎತ್ತಿದರೆ ಪೆಟ್ಟಿಗೆಯೂ ಜೊತೆಗೆ ಏಳಬೇಕು, ಅಷ್ಟು ಬಿಗಿ. ಆಮೇಲೆ ಉತ್ತರದ ಗೋಡೆಯ ನೆರಳು, ದಿನಕ್ಕೆ ಮೂರು ನಾಲ್ಕು ಸಲ ಕಾಂಡಕ್ಕೆ ಮಂಜಿನಂತೆ ನೀರು. ಗೊಬ್ಬರ ಈ ವರ್ಷ ಬೇಡವೇ ಬೇಡ.

ಥೇಮ್ಸ್ ತೀರ, ಜೂನ್ 12

ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಇಡೀ ಮರವನ್ನು ಮುಚ್ಚಿದರೆ ತೇವ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಕುಂಡದ ಆಯ್ಕೆಯನ್ನು ನಾನು ತಪ್ಪು ಎನ್ನಲಾರೆ. ಬಿಳಿ ಹೂ, ಕೆಂಪು ಹಣ್ಣು ಬಿಡುವ ಮರಕ್ಕೆ ಕೆನೆಬಣ್ಣದ ಗ್ಲೇಜ್‌ಗಿಂತ ಹೊಂದುವುದು ಯಾವುದು? ನನ್ನ ಬಳಿ ಜಪಾನಿನ ಕುಂಬಾರರ ಊರಾದ ಟೋಕೊನಾಮೆಯ ಹನ್ನೊಂದು ಕುಂಡಗಳಿವೆ, ಅದರಲ್ಲಿ ನಾಲ್ಕು ಕೆನೆಬಣ್ಣದವು. ಶರತ್ಕಾಲದಲ್ಲಿ ಹಣ್ಣು ತುಂಬಿದಾಗ ನೋಡಬೇಕು ಆ ಅಂದವನ್ನು.

ಪೆನ್ನೈನ್ ಮುಳ್ಳು, ಜೂನ್ 12

ಕೆನೆಬಣ್ಣದ ಮುಂದೆ ಬಿಳಿ ಹೂ ಮಂಕಾಗುತ್ತದೆ. ಮಂಕು ನೀಲಿ ಅಥವಾ ಪಾಚಿ ಹಸಿರು ಇದ್ದರೆ ಮೇ ತಿಂಗಳ ಹೂವೂ ಎದ್ದು ಕಾಣುತ್ತದೆ, ಕೆಂಪು ಹಣ್ಣೂ ಎದ್ದು ಕಾಣುತ್ತದೆ. ಕುರಿ ಮೇದು ಗಂಟುಗಂಟಾದ ಇಂಥ ಕಾಂಡಕ್ಕೆ ನಾನಾದರೆ ಗ್ಲೇಜ್ ಇಲ್ಲದ, ಕಲ್ಲಿನಂತೆ ಒರಟಾದ ಕುಂಡವನ್ನೇ ಆರಿಸುತ್ತೇನೆ. ಟೋಕೊನಾಮೆಯ ಕುಂಡಗಳು ಉತ್ತಮವೇ, ಆದರೆ ಇಂಗ್ಲೆಂಡಿನ ಗುಡ್ಡದ ಮರಕ್ಕೆ ಇಲ್ಲಿಯ ಕುಂಬಾರರ ಕೈಕುಂಡ ಇನ್ನೂ ಹೊಂದುತ್ತದೆ.

ಥೇಮ್ಸ್ ತೀರ, ಜೂನ್ 13

ಕುಂಡ ಎಲ್ಲಿಯದು ಎಂಬುದು ಮರಕ್ಕೆ ಗೊತ್ತಾಗುವುದಿಲ್ಲ. ಒರಟು ಕಾಂಡಕ್ಕೆ ಒರಟು ಕುಂಡ ಎಂಬ ನಿಯಮ ಪೈನ್, ಜುನಿಪರ್‌ಗಳಿಗೆ ಸರಿ. ಹೂಬಿಡುವ ಮರಕ್ಕೆ ಗ್ಲೇಜ್ ಎಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ.

ಹಳೆಯ ಪೆಟ್ಟಿಗೆ, ಜೂನ್ 13

ಇಬ್ಬರೂ ಹೇಳುವುದರಲ್ಲಿ ಸತ್ಯವಿದೆ, ಆದರೆ ಈ ಮರದ ಮಟ್ಟಿಗೆ ಇದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಪೆಟ್ಟಿಗೆಯಲ್ಲಿ ಕನಿಷ್ಠ ಎರಡು ಮೂರು ಬೆಳೆಯುವ ಋತುಗಳು ಕಳೆಯಬೇಕು, ಬೇರು ಜಾಲರಿಯಿಂದ ಹೊರಗೆ ಇಣುಕಬೇಕು, ಆಮೇಲೆ ಕೊಂಬೆಗಳ ರೂಪ ಬರಬೇಕು. ಮರದ ಮುಂಭಾಗ ಯಾವುದು, ಓಲುವುದು ಯಾವ ಕಡೆಗೆ ಎಂಬುದೇ ಆಗ ಬದಲಾಗಿರುತ್ತದೆ. ಕುಂಡದ ಉದ್ದ ಮರದ ಎತ್ತರದ ಮೂರನೇ ಎರಡು ಭಾಗ, ಆಳ ಬುಡದ ದಪ್ಪದಷ್ಟು ಎಂಬ ಅಳತೆಯನ್ನು ಹಾಕಲು ಮೊದಲು ಮರದ ಎತ್ತರ ನಿರ್ಧಾರವಾಗಬೇಕಲ್ಲವೇ? ಅಂಗೈಯಗಲದ ಬುಡಕ್ಕೆ 5 ಸೆಂಟಿಮೀಟರ್ ಆಳ ಆ ಲೆಕ್ಕದಲ್ಲಿಯೂ ಕಡಿಮೆಯೇ.

ಚೀಲದ ಬಗ್ಗೆ: ನೆರಳಿನಲ್ಲಿ ಮಾತ್ರ. ಬಿಸಿಲು ತಾಗಿದರೆ ಒಂದೇ ಮಧ್ಯಾಹ್ನದಲ್ಲಿ ಮರ ಬೇಯುತ್ತದೆ, ಹಾಗೂ ದಿನಕ್ಕೊಮ್ಮೆ ಬಾಯಿ ಬಿಚ್ಚದಿದ್ದರೆ ಬೂಷ್ಟು ಹಿಡಿಯುತ್ತದೆ.

ಡರ್ವೆಂಟ್ ದಂಡೆ, ಜೂನ್ 14

ಪೆಟ್ಟಿಗೆಗೆ ಬದಲಾಯಿಸಿದೆ. ಎತ್ತಿದಾಗ ತಳದ ಮಣ್ಣು ಕಪ್ಪು ಅಂಟಾಗಿ ಚರಂಡಿಯ ವಾಸನೆ ಬರುತ್ತಿತ್ತು. ಬಿಳಿ ಬೇರು ಒಂದೇ ಒಂದು ಕಡೆ, ಬಲಗಡೆ, ಬೆರಳುದ್ದ ಕಂಡಿತು. ತಂತಿ ಬಿಗಿದಿದ್ದೇನೆ, ಎತ್ತಿದರೆ ಪೆಟ್ಟಿಗೆಯೂ ಏಳುತ್ತದೆ. ಚೀಲ ಹಾಕಿಲ್ಲ.

ಡರ್ವೆಂಟ್ ದಂಡೆ, ಸೆಪ್ಟೆಂಬರ್ 21

ಇಷ್ಟು ದಿನ ಬರೆಯಲು ಧೈರ್ಯವಾಗಲಿಲ್ಲ. ಜುಲೈ ಪೂರ್ತಿ ಮರ ಬೋಳಾಗಿತ್ತು. ಆಗಸ್ಟ್ ಮಧ್ಯದಲ್ಲಿ ಬಲಗಡೆಯ ಕಾಂಡದ ಮೇಲೆ, ಬುಡದಿಂದ ನಾಲ್ಕು ಬೆರಳು ಎತ್ತರದಲ್ಲಿ, ಎರಡು ಕೆಂಪು ಮೊಗ್ಗು ಒಡೆದವು. ಈಗ ಉದ್ದನೆಯದು ಅರ್ಧ ಗೇಣು ಇದೆ. ಎಡಗಡೆಯ ಕೊಂಬೆ ಸತ್ತಿದೆ, ತೊಗಟೆ ಸುಲಿಯುತ್ತಿದೆ. ಅದನ್ನು ಕೊಯ್ಯಲೇ? ಕೆನೆಬಣ್ಣದ ಕುಂಡವನ್ನು ತೊಳೆದು ಒಳಗಿಟ್ಟಿದ್ದೇನೆ, ಮುಂದೆ ಹೊರಗಿನ ಚಳಿ ತಾಳೀತೇ ಎಂಬುದೂ ತಿಳಿಯದು.

ಹಳೆಯ ಪೆಟ್ಟಿಗೆ, ಸೆಪ್ಟೆಂಬರ್ 22

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಕೊಂಬೆಯನ್ನು ಕೊಯ್ಯಬೇಡಿ. ಗರಗಸ ಎಳೆದರೆ ಬುಡ ಅಲುಗುತ್ತದೆ, ಈಗಿರುವ ಬೇರುಗಳು ಅದನ್ನು ತಾಳಲಾರವು. ಆ ಎರಡು ಚಿಗುರುಗಳನ್ನೂ ಮುಟ್ಟದೆ ಉದ್ದಕ್ಕೆ ಬೆಳೆಯಲು ಬಿಡಿ. ಚಳಿಗಾಲದಲ್ಲಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಸುತ್ತ ತರಗೆಲೆ ಒಟ್ಟಿ, ಉತ್ತರದ ಗಾಳಿಗೆ ಒಂದು ಹಲಗೆಯ ಮರೆ ಕೊಡಿ.

ಕುಂಡದ ಅಂಚು ಒಳಕ್ಕೆ ಬಾಗಿದೆಯೇ, ನೋಡಿ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಅಂಚು ಹೊರಕ್ಕೆ ತೆರೆದಿದ್ದರೆ ಹಿಗ್ಗಿದ ಮಣ್ಣು ಮೇಲಕ್ಕೆ ಏಳುತ್ತದೆ, ಒಳಕ್ಕೆ ಬಾಗಿದ್ದರೆ ಕುಂಡವೇ ಸೀಳುತ್ತದೆ. ತಳದಲ್ಲಿ ಗ್ಲೇಜ್ ಇಲ್ಲದ ಭಾಗಕ್ಕೆ ಒಂದು ಹನಿ ನೀರು ಬಿಡಿ. ಬೇಗ ಹೀರಿಕೊಂಡರೆ ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು, ಚಳಿಗಾಲದಲ್ಲಿ ಹೊರಗಿಡಬಾರದು. ಹನಿ ಹಾಗೆಯೇ ನಿಂತರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಸ್ಟೋನ್‌ವೇರ್ ಇರಬಹುದು.

ಡರ್ವೆಂಟ್ ದಂಡೆ, ಸೆಪ್ಟೆಂಬರ್ 22

ಅಂಚು ಹೊರಕ್ಕಿದೆ, ಆದರೆ ಹನಿ ಕ್ಷಣದಲ್ಲಿ ಇಂಗಿಹೋಯಿತು.