ಪದಚರ್ಚೆ: ಕಡಲ ನೀರಿನ ಹುಳಿ ಏರುತ್ತಿರುವುದಕ್ಕೆ ‘ಆಮ್ಲೀಕರಣ’ ಎಂದರೆ ಸಾಕೆ?

ಎಲ್ಲರಿಗೂ ನಮಸ್ಕಾರ.

ಓಷನ್ ಅಸಿಡಿಫಿಕೇಶನ್ ಎಂಬುದಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಸಾಗರ ಆಮ್ಲೀಕರಣ’. ಕುಮಟಾ ಕಡೆಯ ಹೈಸ್ಕೂಲು ಮಕ್ಕಳಿಗೂ ಅಘನಾಶಿನಿ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆದು ಬದುಕುವ ಮನೆಗಳವರಿಗೂ ಈ ವಿಷಯದ ಮೇಲೆ ಒಂದು ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಕರಡನ್ನು ಓದಿದವರಿಗೆ ಈ ಪದ ತಲೆಗೆ ಹತ್ತುತ್ತಿಲ್ಲ. ಎಲ್ಲೆಲ್ಲಿ ತೊಡಕಾಗುತ್ತಿದೆ ಎಂದು ಮುಂದಿಡುತ್ತೇನೆ, ಬಲ್ಲವರು ದಾರಿ ತೋರಿಸಬೇಕು.

ಮೊದಲ ತೊಡಕು ‘ಆಮ್ಲಜನಕ’ದ್ದು. ಕರಡು ಓದಿದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸಮುದ್ರಕ್ಕೆ ಆಮ್ಲಜನಕ ಸೇರಿದ್ರೆ ಮೀನಿಗೆ ಒಳ್ಳೇದೇ ಅಲ್ವಾ ಸರ್?” ಎಂದಳು. ಅವಳ ತರ್ಕದಲ್ಲಿ ಯಾವ ತಪ್ಪೂ ಇಲ್ಲ. ಆಮ್ಲಜನಕ ಎಂಬ ಪದ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಬರೀ ‘ಆಮ್ಲ’ ಈಚೆಗೆ ಸಿಕ್ಕಿದ್ದು. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲ ಎಂದು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ನಂಬಿದ್ದ, ಅದಕ್ಕೆ ತಕ್ಕ ಹೆಸರನ್ನೇ ಇಟ್ಟ. ಆ ಹೆಸರಿನ ಅರ್ಥವನ್ನೇ ನಾವು ‘ಆಮ್ಲಜನಕ’ ಎಂದು ತಂದುಕೊಂಡೆವು. ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಎಂದು ಹಂಫ್ರಿ ಡೇವಿ 1810ರ ಹೊತ್ತಿಗೇ ತೋರಿಸಿದ್ದ. ನೀರಿಗೆ ಹುಳಿಗುಣ ಕೊಡುವುದು ಹೈಡ್ರೋಜನ್ ಅಯಾನು, ಅಂದರೆ ವಿದ್ಯುದಂಶ ಹೊತ್ತ ಹೈಡ್ರೋಜನ್ ಕಣ. ವಿಜ್ಞಾನ ತಿದ್ದಿಕೊಂಡಿತು, ಪದ ಮಾತ್ರ ಉಳಿಯಿತು.

ಉಳಿದರೆ ಉಳಿಯಲಿ ಎನ್ನಬಹುದಿತ್ತು. ಆದರೆ ನಮ್ಮ ಕರಾವಳಿಯ ವಿಚಾರ ಬರೆಯುವಾಗ ಆಮ್ಲ, ಆಮ್ಲಜನಕ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಮಳೆಗಾಲದಲ್ಲಿ ಕೇರಳ, ಕರ್ನಾಟಕದ ದಡದುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆಗೆ ಮೇವು ಹೆಚ್ಚುವುದು ಈ ನೀರಿನಿಂದಲೇ. ಅದೇ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದು ಕರಗಿದಷ್ಟೂ ನೀರಿನ ಹುಳಿ ಏರುತ್ತದೆ. ‘ಆಮ್ಲಜನಕ ಕುಗ್ಗಿ ಆಮ್ಲತೆ ಹೆಚ್ಚಿದ ನೀರು’ ಎಂದು ಬರೆದರೆ ವಾಕ್ಯ ಸರಿಯೇ ಇದೆ, ಓದುವವರು ಮಾತ್ರ ಎಡವುತ್ತಾರೆ. ಈಗ ಪುಸ್ತಿಕೆಯುದ್ದಕ್ಕೂ ಆಕ್ಸಿಜನ್ ಎಂದೇ ಬರೆದಿದ್ದೇನೆ. ಕೋವಿಡ್ ಕಾಲದಿಂದ ಆ ಪದ ಗೊತ್ತಿಲ್ಲದ ಮನೆ ಯಾವುದೂ ಇಲ್ಲ.

‘ಕರಣ’ದ ಬಗ್ಗೆ ಒಂದು ಮಾತು. ‘ಕರಣ’ ಎಂದರೆ ಮಾಡುವುದು, ‘ಭವನ’ ಎಂದರೆ ಆಗುವುದು; ಕಡಲಿನ ಈ ಬದಲಾವಣೆ ತಾನಾಗಿ ಆಗುವಂಥದ್ದು, ಆದ್ದರಿಂದ ‘ಆಮ್ಲೀಭವನ’ ಎನ್ನಬೇಕು ಎಂದು ಒಬ್ಬ ಗೆಳೆಯರ ಸಲಹೆ. ನಾನು ಒಪ್ಪುವುದಿಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ನಾವು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 315ರಷ್ಟಿತ್ತು, ಈಗ 420 ದಾಟಿದೆ. ಮಾಡಿದವರು ಇದ್ದಾರೆ. ‘ಕರಣ’ವೇ ಸರಿ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕಡಲ ಮೇಲ್ನೀರಿನ ಪಿಎಚ್ (ಹುಳಿ, ಕ್ಷಾರಗಳನ್ನು ಅಳೆಯುವ ಅಂಕಿ) ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇತ್ತು, ಈಗ ಸುಮಾರು 8.1. ಏಳಕ್ಕಿಂತ ಮೇಲಿದ್ದರೆ ಕ್ಷಾರ ಎಂದು ಮಕ್ಕಳು ಕಲಿತಿರುತ್ತಾರೆ. ಅಂದರೆ ಕಡಲು ಇಂದಿಗೂ ಕ್ಷಾರದ ಕಡೆಗೇ ಇದೆ. ‘ಸಮುದ್ರ ಆಮ್ಲವಾಗಿದೆ’ ಎಂದು ಬರೆದರೆ ಸುಳ್ಳಾಗುತ್ತದೆ. ‘ಆಮ್ಲ’ ಎಂದ ಕೂಡಲೇ ಮನಸ್ಸಿಗೆ ಬರುವುದು ಪ್ರಯೋಗಶಾಲೆಯ ಬಾಟಲಿ, ಸುಟ್ಟ ಕೈ. ಇಂಗ್ಲಿಷಿನ ಪದವೂ ಹೇಳುವುದು ಸಾಗುತ್ತಿರುವ ದಿಕ್ಕನ್ನು ಮಾತ್ರ. 2003ರಲ್ಲಿ ಕೆನ್ ಕಾಲ್ಡೇರಾ, ಮೈಕೆಲ್ ವಿಕೆಟ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಅದು ಚಾಲ್ತಿಗೆ ಬಂತು, ಅಲ್ಲಿಯೂ ಇದೇ ಗೊಂದಲ ಇಂದಿಗೂ ಇದೆ. ಇನ್ನೊಂದು ಗೊಂದಲ ಅಂಕಿಯದ್ದು. 0.1 ಇಳಿದರೆ ಏನು ಮಹಾ ಎನಿಸುತ್ತದೆ. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ, 0.1 ಇಳಿದರೆ ಶೇ. 26ರಷ್ಟು ಹೆಚ್ಚುತ್ತದೆ.

ಹಾಗಾದರೆ ‘ಕ್ಷಾರತೆ ಕುಗ್ಗುವಿಕೆ’ ಎನ್ನಬಹುದಲ್ಲ ಎಂದು ಇನ್ನೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ, ಆದರೆ ರಸಾಯನವಿಜ್ಞಾನದಲ್ಲಿ ನಿಲ್ಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಬೆರೆತಾಗ ಪಿಎಚ್ ಇಳಿಯುತ್ತದೆ, ಕಾರ್ಬೊನೇಟು ಬೈಕಾರ್ಬೊನೇಟಾಗುತ್ತದೆ, ಆದರೆ ಕಡಲವಿಜ್ಞಾನಿಗಳು ‘ಒಟ್ಟು ಕ್ಷಾರತೆ’ (ಹುಳಿಯನ್ನು ತಣಿಸುವ ನೀರಿನ ಶಕ್ತಿ) ಎಂದು ಲೆಕ್ಕ ಹಾಕುವುದು ಇದ್ದ ಹಾಗೇ ಇರುತ್ತದೆ. ಈ ಹೆಸರಿಟ್ಟರೆ ಮುಂದೆ ಕಾಲೇಜಿನಲ್ಲಿ ಓದುವ ಮಕ್ಕಳು ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕಾಗುತ್ತದೆ.

ನನ್ನ ಒಲವು ‘ಹುಳಿ’ಯ ಕಡೆಗೆ. ಕೃಷಿಯವರು ‘ಹುಳಿ ಮಣ್ಣು’ ಎನ್ನುತ್ತಾರೆ, ಅದಕ್ಕೆ ಸುಣ್ಣ ಹಾಕಿ ಎನ್ನುತ್ತಾರೆ. ಕರಾವಳಿಯ, ಮಲೆನಾಡಿನ ಯಾವ ರೈತರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೋಸೆ ಹಿಟ್ಟು ‘ಹುಳಿ ಬಂದಿದೆ’, ‘ಇನ್ನೂ ಬಂದಿಲ್ಲ’, ‘ಜಾಸ್ತಿ ಬಂತು’ ಎನ್ನುವಾಗ ಏರುವ ಗುಣವೂ ಹಂತವೂ ಆ ಮಾತಿನಲ್ಲೇ ಇವೆ. ‘ಆಮ್ಲ’ದಲ್ಲಿ ಇದು ಸಿಗುವುದಿಲ್ಲ. ತುಳುವಿನ ಪುಳಿ, ಕೊಂಕಣಿಯ ಆಂಬಟ್ ಎರಡೂ ನಾಲಿಗೆಯಿಂದಲೇ ಬಂದವು. ಕರಾವಳಿಯ ಮೂರೂ ನುಡಿಯವರಿಗೆ ಒಂದೇ ದಾರಿಯಲ್ಲಿ ತಿಳಿಸಬಹುದು. ಆದ್ದರಿಂದ ‘ಕಡಲ ಹುಳಿಯೇರಿಕೆ’ ಎಂದು ಬರೆದು ನೋಡಿದೆ.

ಇದಕ್ಕೆ ಬಂದ ಆಕ್ಷೇಪ ಬಲವಾದದ್ದು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ಕುಳಿತು ಬಳಚು ತೆಗೆಯುವ ಹಿರಿಯರೊಬ್ಬರಿಗೆ ಓದಿ ಹೇಳಿದಾಗ ಅವರು, “ದಿನಾ ಬಾಯಿಗೆ ಹೋಗೋ ನೀರು ನಂಗೆ ಗೊತ್ತಿಲ್ವ? ಉಪ್ಪು ಅದು, ಹುಳಿ ಎಲ್ಲಿಂದ ಬಂತು?” ಎಂದರು. ನಾಲಿಗೆಗೆ ಗೊತ್ತಾಗುವಷ್ಟು ಏರಿಲ್ಲ ಅಮ್ಮ, ಮರಿ ಚಿಪ್ಪಿಗೆ ಗೊತ್ತಾಗುತ್ತದೆ ಎಂದು ಓರೆಗನ್‌ನ ಕಥೆ ಹೇಳಿದೆ. ಅಮೆರಿಕದ ಪಶ್ಚಿಮ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯಲ್ಲಿ ವಿಸ್ಕಿ ಕ್ರೀಕ್ ಎಂಬ ಸಿಂಪಿಮರಿ ಕೇಂದ್ರವಿದೆ. 2007–08ರ ಸುಮಾರಿಗೆ ಅಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ಬ್ಯಾಕ್ಟೀರಿಯಾ ಎಂದುಕೊಂಡರು. ಅದಕ್ಕೆ ಮದ್ದು ಮಾಡಿದರೂ ಸಾವು ನಿಲ್ಲಲಿಲ್ಲ. ಕೊನೆಗೆ ನೋಡಿದರೆ, ಗಾಳಿ ಬೀಸಿ ಆಳದ ನೀರು ಮೇಲೆದ್ದಾಗಲೆಲ್ಲ ಮರಿಗಳಿಗೆ ಕಷ್ಟ. ಸಿಂಪಿಯ ಮರಿ ಹುಟ್ಟಿದ ಮೊದಲ ಎರಡು ದಿನದಲ್ಲೇ ಚಿಪ್ಪು ಕಟ್ಟಿಕೊಳ್ಳಬೇಕು, ಅದೂ ಮೊಟ್ಟೆಯಲ್ಲಿ ತಂದುಕೊಂಡ ಶಕ್ತಿಯಿಂದ. ಚಿಪ್ಪಿಗೆ ಬೇಕಾದ ಕಾರ್ಬೊನೇಟು ನೀರಿನಲ್ಲಿ ಕಡಿಮೆಯಾದರೆ ಕಟ್ಟುವುದರಲ್ಲೇ ಬಲವೆಲ್ಲ ಮುಗಿಯುತ್ತದೆ. ಅಲ್ಲಿಯವರು ತೊಟ್ಟಿಯ ನೀರಿಗೆ ಸೋಡಿಯಂ ಕಾರ್ಬೊನೇಟು, ಅಂದರೆ ವಾಷಿಂಗ್ ಸೋಡಾ ಬೆರೆಸಿ ಮರಿಗಳನ್ನು ಉಳಿಸಿಕೊಂಡರು.

“ಚಿಪ್ಪು ಬಲಿಯೂದಿಲ್ಲ ಅನ್ನಿ” ಎಂದರು ಆ ಹಿರಿಯರು. ಆಮೇಲೆ, “ತೊಟ್ಟಿಗೆ ಹಾಕ್ಬಹುದು. ಹೊಳೆಗೆ, ಸಮುದ್ರಕ್ಕೆ ಯಾರು ಹಾಕ್ತಾರೆ?” ಎಂದರು. ನಾನು ಬರೆದುಕೊಂಡಿದ್ದ ‘ಚಿಪ್ಪು ಕರಗುತ್ತದೆ’ ಎನ್ನುವುದಕ್ಕಿಂತ ಅವರ ‘ಬಲಿಯುವುದಿಲ್ಲ’ ಹೆಚ್ಚು ಸತ್ಯ. ಕಡಲ ಚಿಟ್ಟೆ ಎಂದು ಕರೆಯುವ, ಈಜುವ ಪುಟ್ಟ ಬಸವನಹುಳುಗಳ ಚಿಪ್ಪು ಸವೆದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ, ನಿಜ. ಬಳಚು, ಪಚ್ಚಿಲೆ, ನೇತ್ರಾಣಿ ದ್ವೀಪದ ಹವಳದಂಥ ಹೆಚ್ಚಿನ ಜೀವಿಗಳಿಗೆ ಮೊದಲು ಎದುರಾಗುವ ಕಷ್ಟ ಬಲಿಯುವುದರದ್ದೇ.

ಅಘನಾಶಿನಿಯಲ್ಲಿ ಬಳಚು ಕಡಿಮೆಯಾದಾಗೆಲ್ಲ ಇದೇ ಕಾರಣ ಎಂದು ಪುಸ್ತಿಕೆಯಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಅಳಿವೆಯ ಪಿಎಚ್ ಮಳೆನೀರಿಗೂ ಉಬ್ಬರಕ್ಕೂ ದಿನದಿನಕ್ಕೆ ಏರಿಳಿಯುತ್ತದೆ. ಮರಳು ತೆಗೆಯುವುದು, ಮರಿಯನ್ನೂ ಬಿಡದೆ ಬಾಚುವುದು ಅಲ್ಲಿಯವರಿಗೆ ಕಣ್ಣೆದುರಿನ ಸಂಗತಿ. ಪದ ಚೆನ್ನಾಗಿದೆ ಎಂದು ಅದನ್ನು ಎಲ್ಲಕ್ಕೂ ಅಂಟಿಸಿದರೆ ಮೋಸವಾಗುತ್ತದೆ.

ಈಗ ಕೇಳಬೇಕಾದದ್ದು. ‘ಹುಳಿಯೇರಿಕೆ’ ಕಿವಿಗೆ ಒಗ್ಗುತ್ತದೆಯೇ, ‘ಹುಳಿಗಟ್ಟುವಿಕೆ’ಯಂಥದ್ದು ಮೇಲೇ? ತಲೆಬರಹದಲ್ಲಿ ಹುಳಿಯೇರಿಕೆ ಎಂದಿಟ್ಟು, ಒಳಗೆ ಒಮ್ಮೆ ‘ಪಠ್ಯಗಳಲ್ಲಿ ಆಮ್ಲೀಕರಣ ಎನ್ನುವುದು ಇದನ್ನೇ’ ಎಂದು ಬರೆಯಬೇಕೆಂದಿದ್ದೇನೆ, ಪರೀಕ್ಷೆಗೆ ಮಕ್ಕಳಿಗೆ ಆ ಪದ ಬೇಕೇ ಬೇಕು. ಮಣ್ಣಿನ ಪಿಎಚ್‌ಗೆ ಕೃಷಿಯವರು ಬಳಸುವ ‘ರಸಸಾರ’ವನ್ನು ಕಡಲ ನೀರಿಗೂ ಬಳಸಬಹುದೇ? ‘ರಸಸಾರ ಇಳಿದಷ್ಟೂ ಹುಳಿ ಏರುತ್ತದೆ’ ಎಂಬ ತಲೆಕೆಳಗಿನ ಲೆಕ್ಕ ಓದುಗರಿಗೆ ಹಿಡಿಸೀತೇ ಎಂಬುದು ನನ್ನ ಅಳುಕು. ಮತ್ತೊಂದು, ಮಳೆಗಾಲದಲ್ಲಿ ಅಡಿಯಿಂದ ಏಳುವ ಆ ತಣ್ಣೀರಿಗೆ ದೋಣಿಯವರಲ್ಲಿ ಹೆಸರಿದ್ದೇ ಇರಬೇಕು. ಕಾರವಾರ, ಬೈಂದೂರು, ಮಲ್ಪೆ ಕಡೆಯವರು ಮನೆಯ ಹಿರಿಯರನ್ನು ಕೇಳಿ, ಅವರು ಅನ್ನುವ ಹಾಗೆಯೇ ಬರೆದು ತಿಳಿಸಿದರೆ ಪುಸ್ತಿಕೆ ಅಚ್ಚಿಗೆ ಹೋಗುವ ಮುಂಚೆ ಸೇರಿಸುತ್ತೇನೆ.