ಮಣಿಗಂಟಿನ ‘ಮಣಿ’ ಯಾವುದು?

ಈ ಮಳೆಗಾಲದಲ್ಲಿ ಶಿರಸಿಯ ನಮ್ಮ ತೋಟದ ಹಾವಸೆ ಮೇಲೆ ಜಾರಿ, ಅಂಗೈ ಊರಿ ಬಿದ್ದೆ. ‘ಮಣಿಗಂಟು ಉಳುಕಿದ್ದು ಅಷ್ಟೇಯ, ಎಣ್ಣೆ ತಿಕ್ಕಿದ್ರೆ ಹೋಗ್ತು’ ಅಂದರು ಮನೆಯಲ್ಲಿ. ನೋವು ಹೋಗಲಿಲ್ಲ, ಜೊತೆಗೆ ಆ ಪದವೂ ತಲೆಗೆ ಹತ್ತಿಕೊಂಡಿತು.

ಪುಸ್ತಕದ ಮಾತು ಮಣಿಕಟ್ಟು. ಸಂಸ್ಕೃತದ ಮಣಿಬಂಧದಂತೆಯೇ ಮಣಿ ಕಟ್ಟುವ, ಬಳೆ ಕೂರುವ ಜಾಗ. ಸರಿ. ಆದರೆ ನಮ್ಮಲ್ಲಿ ಪಾದ ಕೂಡುವ ಕಡೆ ಕಾಲಿಗೂ ಮಣಿಗಂಟು ಇದೆಯಲ್ಲ! ಸುಶ್ರುತ ಸಂಹಿತೆಯ ಮರ್ಮಗಳಲ್ಲಿ (ಪೆಟ್ಟು ಬೀಳಬಾರದ ಸೂಕ್ಷ್ಮ ಜಾಗಗಳಲ್ಲಿ) ಕೈಗೆ ಮಣಿಬಂಧ, ಕಾಲಿಗೆ ಗುಲ್ಫ ಎಂದು ಬೇರೆ ಬೇರೆ ಹೆಸರು. ನಮ್ಮದು ಎರಡಕ್ಕೂ ಒಂದೇ. ಹಾಗಾದರೆ ಇಲ್ಲಿರುವುದು ರತ್ನದ ಮಣಿಯಲ್ಲ, ‘ತಲೆ ಮಣಿ’ ಅನ್ನುವಾಗಿನ, ಬಾಗು ಎಂಬರ್ಥದ ಮಣಿಯೇ? ಮಣಿಯುವ ಗಂಟು?

ಕೈಯ ಈ ಕೀಲಿನ ನಡವಳಿಕೆಯೂ ಇದಕ್ಕೆ ಒಪ್ಪುತ್ತದೆ. ಅದು ಹಿಂದೆ ಮುಂದೆ, ಅಕ್ಕಪಕ್ಕ ಮಣಿಯುತ್ತದೆ, ತಿರುಚಿಕೊಳ್ಳುವುದಿಲ್ಲ. ಬೀಗಕ್ಕೆ ಕೀಲಿ ಹಾಕಿ ತಿರುಗಿಸುವಾಗ ಹೊರಳುವುದು ಮುಂಗೈಯ ರೇಡಿಯಸ್ ಮೂಳೆ, ಅದರ ಜೋಡಿ ಮೂಳೆ ಅಲ್ನಾದ ಸುತ್ತ. ಇನ್ನೊಂದು ಕೈಯಿಂದ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಅಂಗೈ ತಿರುಗಿಸಲು ನೋಡಿ, ಗೊತ್ತಾಗುತ್ತದೆ.

ಕಾರವಾರದ ಗೆಳೆಯನ ವಾದ ಬೇರೆ. ಕಿರುಬೆರಳ ಬದಿಗೆ ಗೋಲಿಯಂತೆ ಎದ್ದು ಕಾಣುತ್ತದಲ್ಲ, ಅದೇ ಮಣಿ ಅನ್ನುತ್ತಾನೆ. ಅದು ಅಲ್ನಾದ ತುದಿ, ಮಣಿಕಟ್ಟಿನ 8 ಮೂಳೆಗಳಲ್ಲಿ ಸೇರಿದ್ದೇ ಅಲ್ಲ. ಆದರೂ ಹೆಸರಿಟ್ಟವರು ಕೊಯ್ದು ನೋಡಿ ಇಟ್ಟಿರಲಾರರು. ಕಾಲಿನಲ್ಲೂ ಅಂಥದೇ ಗುಬುಟು ಇದೆ. ತಳ್ಳಿಹಾಕುವುದು ಕಷ್ಟ.

ಅಂದಹಾಗೆ, ನನ್ನದು ಉಳುಕಲ್ಲ. ಆ ಎಂಟರಲ್ಲೊಂದು, ಹೆಬ್ಬೆರಳ ಬದಿಯ ಸ್ಕೇಫಾಯ್ಡ್ ಮೂಳೆ, ಬಿರುಕು ಬಿಟ್ಟಿತ್ತು. ಮೊದಲ ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಎರಡು ವಾರ ಬಿಟ್ಟು ತೆಗೆಸಿದ್ದರಲ್ಲಿ ಕಂಡಿತು. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದಂತೆ, ಹಾಗಾಗಿ ಕೂಡುವುದು ತಡ. ಹೆಸರು ಗ್ರೀಕಿನ ದೋಣಿಯಿಂದ ಬಂದದ್ದು. ನಾನಂತೂ ‘ನೌಕಾಸ್ಥಿ’ ಬಿಟ್ಟು ‘ದೋಣಿಮೂಳೆ’ ಅನ್ನುತ್ತೇನೆ. ಹೆಬ್ಬೆರಳು ನಿಗುರಿಸಿದರೆ ಅದರ ಬುಡದಲ್ಲಿ ಒಂದು ಕುಳಿ ಬೀಳುತ್ತದೆ. ವೈದ್ಯರು ಅಲ್ಲೇ ಒತ್ತಿ ನನ್ನ ಜೀವ ತೆಗೆದದ್ದು. ಇಂಗ್ಲಿಷಿನವರಿಗೆ ಅದು ನಶ್ಯದ ಡಬ್ಬಿ. ನಮ್ಮಜ್ಜ ಕುಳಿಯ ಹಂಗಿಲ್ಲದೆ ಚಿಟಿಕೆಯಲ್ಲೇ ಏರಿಸುತ್ತಿದ್ದರು.

ಅಂಕೋಲಾ, ಕುಮಟಾ, ಭಟ್ಕಳದವರು ಕಾಲಿನದಕ್ಕೆ ಏನನ್ನುತ್ತೀರಿ? ಬಯಲುಸೀಮೆಯಲ್ಲಿ ಮಣಿಗಂಟು ಕೇಳಿದವರಿದ್ದೀರಾ? ಹಳಗನ್ನಡದಲ್ಲಿ ಕಾಲಿಗೆ ‘ಮಣಿ’ ಬಳಸಿದ ಒಂದು ಸಾಲು ಸಿಕ್ಕರೂ ಗೆಳೆಯನ ಜೊತೆ ಜಗಳ ಮುಂದುವರಿಸಬಹುದು.